ಬನಾನಾ ಬೋಟ್: ಎಡಗಡೆ ಟ್ಯೂಬು ಬೆಳಗಾಗೋದ್ರೊಳಗೆ ಚಪ್ಪಟೆ, ಗುಳ್ಳೆ ಬರೋದು ಹಿಡಿಕೆ ಪಟ್ಟಿ ಅಂಚಲ್ಲಿ. ತೂತು ಎಲ್ಲಿರಬಹುದು?

ಪಡುಕರೆ:

6 ಜನ ಕೂರೋ ಬನಾನಾ ಬೋಟು, ಗಾಳಿ ತುಂಬಿಸಿ ಇನ್ನೊಂದು ಬೋಟಿಗೆ ಹಗ್ಗ ಕಟ್ಟಿ ಎಳೆಯೋದು. ಲಾರಿ ಟಾರ್ಪಾಲ್ ಥರದ ದಪ್ಪ ಬಟ್ಟೆ, ಬಿಲ್ಲಲ್ಲಿ 0.9 ಮಿ.ಮೀ. ಪಿವಿಸಿ ಅಂತ ಇದೆ. ಮೂರು ಟ್ಯೂಬು: ನಡುವೆ ಕೂರೋದು, ಆಚೀಚೆ ಕಾಲಿಡೋವು ಎರಡು. ವಾಲ್ವ್ ಪಕ್ಕ 2 ಪಿಎಸ್‌ಐ ಅಂತ ಅಚ್ಚಿದೆ, ಗೇಜ್ ಇಟ್ಟೇ ತುಂಬಿಸೋದು.

ತೊಂದರೆ ಎರಡು ಥರ. ನಡು ಟ್ಯೂಬು ದಡದಲ್ಲಿ ಕಲ್ಲಿನ ಹಾಗೆ ಗಟ್ಟಿ, ನೀರಿಗೆ ಇಳಿಸಿ ಹತ್ತು ನಿಮಿಷಕ್ಕೆ ಸುಕ್ಕು ಬೀಳುತ್ತೆ. ಎಡಗಡೆ ಕಾಲಿನ ಟ್ಯೂಬು ಸಂಜೆ ತುಂಬಿಸಿಟ್ಟರೆ ಬೆಳಗ್ಗೆ ಪೂರ್ತಿ ಚಪ್ಪಟೆ. ಸೋಪು ನೀರು ಬಿಟ್ಟರೆ ಎರಡನೇ ಹಿಡಿಕೆಯ ಪಟ್ಟಿ ಅಂಚಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಬರ್ತವೆ. ಅಲ್ಲಿ ಕಣ್ಣಿಗೆ ಕಾಣೋ ತೂತಿಲ್ಲ. ಸೈಕಲ್ ಟ್ಯೂಬಿನ ಪ್ಯಾಚ್ ಮತ್ತು ಸೊಲ್ಯೂಷನ್ ಹಾಕಿದ್ದು ಮಾರನೇ ದಿನ ಸಿಪ್ಪೆಯ ಹಾಗೆ ಎದ್ದು ಬಂತು.

ಇದರ ಜೊತೆ ಇಬ್ಬರು ಕೂರೋ ಎಳೆಯುವ ರಿಂಗ್ ಟ್ಯೂಬೂ ಒಂದಿದೆ. ಹೊರಗೆ ನೈಲಾನ್ ಕವಚ, ಒಳಗೆ ತೆಳು ಪಿವಿಸಿ ಚೀಲ. ಒಳಚೀಲ ಜೋಡಣೆಯ ಪಕ್ಕದಲ್ಲೇ 4 ಸೆಂ.ಮೀ. ಸೀಳಿದೆ. ಎರಡಕ್ಕೂ ಒಂದೇ ಅಂಟು ಆಗುತ್ತಾ? ಇಲ್ಲಿ ಸಿಗೋ ಸಾಮಾನಲ್ಲಿ ಏನು ತರೋದು? ಬಿಸಿಗಾಳಿ ವೆಲ್ಡಿಂಗ್ ಮಾಡಿಸೋದು ಒಳ್ಳೇದಾ?

ಒತ್ತಡಮಾಪಕ:

ನಡು ಟ್ಯೂಬು ಸೋರ್ತಿಲ್ಲ ಅನ್ನೋದು ನನ್ನ ಅಂದಾಜು. ಅದಕ್ಕೆ ಅಂಟು ಮುಟ್ಟಿಸೋ ಮೊದಲು ಲೆಕ್ಕ ನೋಡಿ.

ಗೇಜು ತೋರಿಸೋದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚಿದೆ ಅನ್ನೋದನ್ನ ಮಾತ್ರ. ಗೇಜ್ 2 ಅಂದರೆ ಒಳಗಿನ ನಿಜವಾದ ಒತ್ತಡ ವಾಯುಭಾರದ 14.7 ಕೂಡಿಸು 2, ಅಂದರೆ 16.7 ಪಿಎಸ್‌ಐ. ಬಿಸಿಲಲ್ಲಿ ಮರಳ ಮೇಲಿದ್ದಾಗ ಒಳಗಿನ ಗಾಳಿ 45 ಡಿಗ್ರಿ ಇತ್ತು, ಕಡಲ ನೀರು 28 ಡಿಗ್ರಿ ಅಂದ್ಕೊಳ್ಳಿ. ಆ 16.7 ಪೂರ್ತಿ ತಾಪಮಾನದ ಜೊತೆ ಇಳಿಯುತ್ತೆ: ಡಿಗ್ರಿಗೆ 273 ಕೂಡಿಸಿ ಕೆಲ್ವಿನ್ ಮಾಡ್ಕೊಂಡರೆ 28 ಅಂದರೆ 301, 45 ಅಂದರೆ 318; 16.7 ಗುಣಿಸು 301, ಭಾಗಿಸು 318, ಬರೋದು 15.8. ಗೇಜಲ್ಲಿ ಉಳಿಯೋದು 1.1. ಒಂದು ಹನಿ ಗಾಳಿ ಸೋರದೆ ಒತ್ತಡ ಹೆಚ್ಚುಕಡಿಮೆ ಅರ್ಧ ಆಯ್ತು. ಸುಕ್ಕು ಅದೇ.

ಪರಿಹಾರ ಸುಲಭ. ನೆರಳಲ್ಲಿ ಮೆತ್ತಗೆ ತುಂಬಿಸಿ, ನೀರಿಗಿಳಿಸಿ, ಹತ್ತು ನಿಮಿಷ ಬಿಟ್ಟು ನೀರಲ್ಲೇ 2ಕ್ಕೆ ತನ್ನಿ. ಆದರೆ ಹಾಗೆ ತುಂಬಿಸಿದ್ದನ್ನ ಮಧ್ಯಾಹ್ನ ಮರಳ ಮೇಲೆ ಎಳೆದು ಬಿಟ್ಟು ಊಟಕ್ಕೆ ಹೋಗಬೇಡಿ. ಅದೇ ಲೆಕ್ಕ ತಿರುಗಿಸಿದರೆ 28 ಡಿಗ್ರಿಯ 2 ಪಿಎಸ್‌ಐ 50 ಡಿಗ್ರಿಗೆ 3.2 ಆಗುತ್ತೆ. ಬಟ್ಟೆ ಒಂಚೂರು ಹಿಗ್ಗಿ ಸ್ವಲ್ಪ ಕಡಿಮೆ ಆಗಬಹುದು, ಆದರೂ ಜೋಡಣೆ ನಿಧಾನಕ್ಕೆ ಬಿಟ್ಟುಕೊಳ್ಳೋಕೆ ಅಷ್ಟು ಸಾಕು. ದಡಕ್ಕೆ ತಂದ ಕೂಡಲೇ ಪ್ರತಿ ಟ್ಯೂಬಿಂದ ಸ್ವಲ್ಪ ಬಿಟ್ಟುಬಿಡಿ.

ಸೋರಿಕೆ ಇದೆಯೋ ಇಲ್ಲವೋ ಅಂತ ಖಾತ್ರಿಗೆ: ಶೆಡ್ಡೊಳಗೆ, ಬೆಳಗ್ಗೆ 7ಕ್ಕೆ 2 ಪಿಎಸ್‌ಐ ತುಂಬಿಸಿ, ಮಾರನೇ ಬೆಳಗ್ಗೆ 7ಕ್ಕೇ ಅಳೆಯಿರಿ. ಸಂಜೆ ತುಂಬಿಸಿ ಬೆಳಗ್ಗೆ ಅಳೆದರೆ ತಾಪಮಾನದ ಇಳಿತವೇ ಸೋರಿಕೆಯ ಹಾಗೆ ಕಾಣುತ್ತೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.055 ಪಿಎಸ್‌ಐ ಅಂತ ನೆನಪಿಟ್ಟರೆ ಸಾಕು.

ವಾಲ್ವನ್ನೂ ಈಗಲೇ ನೋಡಿಬಿಡಿ. ಮುಚ್ಚಳ ತೆಗೆದು ಬಾಯಿಗೇ ಸೋಪು ನೀರು ಹಾಕಿ. ಮುಚ್ಚಳ ಹಾಕಿ ಪರೀಕ್ಷಿಸಿದರೆ ಒಳಗಿನ ಬಿಲ್ಲೆ ಸೋರ್ತಿರೋದು ಗೊತ್ತೇ ಆಗಲ್ಲ. ಸ್ಪ್ರಿಂಗ್ ಇರೋ ವಾಲ್ವಲ್ಲಿ ಸಾಮಾನ್ಯವಾಗಿ ಆಗೋದು ಬಿಲ್ಲೆಯ ಕೆಳಗೆ ಮರಳಿನ ಕಾಳು ಸಿಕ್ಕೋದು. ನಡುವಿನ ಗುಂಡಿ ಒತ್ತಿ ಹಿಡಿದು ಗಾಳಿ ರಭಸವಾಗಿ ಹೊರಬರೋ ಹಾಗೆ ಎರಡು ಮೂರು ಸಲ ಬಿಡಿ, ಆಮೇಲೆ ಸಿಹಿನೀರಲ್ಲಿ ತೊಳೆಯಿರಿ. ಬುಡದ ಸುತ್ತ ಗುಳ್ಳೆ ಬಂದರೆ ವಾಲ್ವ್ ಸಡಿಲ ಅಂತ. ಅದನ್ನ ಬಿಗಿಯೋಕೆ ಹಲ್ಲಿರೋ ಪ್ಲಾಸ್ಟಿಕ್ ಪಾನಾ ಬೇಕು, ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ಹಲ್ಲು ಮುರಿಯುತ್ತೆ.

ಸೋಪು ನೀರು ಅಂದರೆ ಪಾತ್ರೆ ತೊಳೆಯೋ ದ್ರವ 1 ಪಾಲು, ನೀರು 4 ಪಾಲು. ಸ್ಪ್ರೇ ಬಾಟಲಿಗಿಂತ ಬಣ್ಣ ಹಚ್ಚೋ ಬ್ರಷ್ ಒಳ್ಳೇದು. ಸ್ಪ್ರೇ ತಾನೇ ನೊರೆ ಮಾಡಿ ಮೋಸ ಮಾಡುತ್ತೆ. ಹಚ್ಚಿ ಒಂದು ನಿಮಿಷ ಕಾಯಿರಿ. ಸಣ್ಣ ಸೋರಿಕೆ ಗುಳ್ಳೆ ಕಟ್ಟೋದಿಲ್ಲ, ಬಿಳೀ ನೊರೆಯ ಚುಕ್ಕೆಯಾಗಿ ನಿಧಾನಕ್ಕೆ ಬೆಳೆಯುತ್ತೆ.

ಟಾರ್ಪಾಲ್ ಪುತ್ತೂರು:

ಎಡಗಡೆ ಟ್ಯೂಬಿನ ವಿಷಯಕ್ಕೆ ಬರುವ. ಗುಳ್ಳೆ ಬಂದ ಜಾಗವೇ ತೂತಿನ ಜಾಗ ಅಂತ ನಂಬಬೇಡಿ ಮಾರ್ರೆ. ಈ ಬಟ್ಟೆ ಮೂರು ಪದರ: ನಡುವೆ ಪಾಲಿಯೆಸ್ಟರ್ ನೂಲಿನ ಬಲೆ, ಮೇಲೂ ಕೆಳಗೂ ಪಿವಿಸಿ ಲೇಪ. ಲೇಪ ನೂಲಿನ ಎಳೆಗಳ ಒಳಗೆ ಪೂರ್ತಿ ಇಳಿದಿರುವುದಿಲ್ಲ. ಒಳಲೇಪ ಎಲ್ಲಾದರೂ ಒಡೆದರೆ, ಅಥವಾ ಜೋಡಣೆಯ ಒಳಗಡೆ ಕತ್ತರಿಸಿದ ಅಂಚು ಮುಚ್ಚದೆ ಹಾಗೇ ಬಿಟ್ಟಿದ್ದರೆ, ಗಾಳಿ ನೂಲಿನೊಳಗೆ ಹೊಕ್ಕು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎಳೆ ಹಿಡಿದು ಹೋಗುತ್ತದೆ. ಹೊರಲೇಪ ಎಲ್ಲಿ ತೆಳುವೋ ಅಲ್ಲಿ ಹೊರಗೆ ಬರುತ್ತದೆ. ಒಂದು ಗೇಣು ಆಚೆಯೂ ಬರಬಹುದು.

ಹಿಡಿಕೆ ಪಟ್ಟಿ ಅಂಟಿಸುವಾಗ ಹೊರಲೇಪವನ್ನು ಜಾಸ್ತಿ ಉಜ್ಜಿರುತ್ತಾರೆ, ಮೇಲಿಂದ ಜನ ಹಿಡಿಕೆ ಜಗ್ಗುತ್ತಾರೆ. ಹಾಗಾಗಿ ಅಲ್ಲಿ ಹೊರಬರುವುದು ಹೆಚ್ಚು.

ಎರಡರಲ್ಲಿ ಯಾವುದು ಅಂತ ಹೀಗೆ ನೋಡಿ. ಪಟ್ಟಿಯ ಅಂಚಿನ ಒಂದೇ ಬಿಂದುವಿನಲ್ಲಿ ಗುಳ್ಳೆ, ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಶುರು: ಪಟ್ಟಿಯ ಕೆಳಗೇ ತೂತಿದೆ. ಸಣ್ಣ ಗುಳ್ಳೆಗಳು ಗೆರೆ ಎಳೆದ ಹಾಗೆ ಸಾಲಾಗಿ, ಒತ್ತಿದರೂ ಪಕ್ಕದಲ್ಲಿ ಏಳುತ್ತವೆ: ನೂಲಿನ ಜಾಡು. ನೀವು ಹೇಳಿದ್ದು ಸಾಲು, ಹಾಗಾಗಿ ನನಗೆ ಎರಡನೆಯದರ ಮೇಲೆ ಸಂಶಯ. ಪಟ್ಟಿಯಿಂದ ಹತ್ತಿರದ ಜೋಡಣೆಯವರೆಗೆ ಬ್ರಷ್ಷಿನಲ್ಲಿ ಸೋಪು ನೀರು ಹಚ್ಚಿ, ಜೋಡಣೆಯ ಹೊರ ಅಂಚಿನಲ್ಲೂ ಸಣ್ಣ ನೊರೆ ಕಂಡರೆ ಅಲ್ಲಿಗೆ ತೀರ್ಮಾನ ಆಯಿತು.

ಗುರುತು ಪೆನ್ಸಿಲಿನಲ್ಲಿ ಹಾಕಿ. ಮಾರ್ಕರ್ ಬೇಡ, ಅದರ ಶಾಯಿ ಪಿವಿಸಿಯೊಳಗೆ ಇಳಿಯುತ್ತದೆ, ಆಮೇಲೆ ಒರೆಸಲು ಸಾಲ್ವೆಂಟ್ (ಅಸಿಟೋನಿನಂಥ ದ್ರಾವಕ) ಹಾಕಿದಾಗ ಅಂಟುವ ಜಾಗಕ್ಕೆಲ್ಲ ಹರಡುತ್ತದೆ.

ಪಟ್ಟಿ ಕೀಳಲೇಬೇಕು. ಹೀಟ್ ಗನ್ ಕಡಿಮೆಯಲ್ಲಿಟ್ಟು, ಪಟ್ಟಿ ಕೈಗೆ ಸುಡುವಷ್ಟು ಬಿಸಿಯಾದ ಮೇಲೆ ಒಂದು ಮೂಲೆ ಎಬ್ಬಿಸಿ, ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಮಡಚಿದ ಹಾಗೆ ನಿಧಾನ ಎಳೆಯಿರಿ. ತಣ್ಣಗಿದ್ದಾಗ ಜಗ್ಗಿದರೆ ಪಟ್ಟಿಯ ಜೊತೆ ಟ್ಯೂಬಿನ ಲೇಪವೂ ಬರುತ್ತದೆ, ಬಿಳೀ ನೂಲು ಕಾಣುತ್ತದೆ. ಅಲ್ಲಿಗೆ ಸಣ್ಣ ಕೆಲಸ ದೊಡ್ಡದಾಯಿತು.

ನೂಲಿನ ಜಾಡಾದರೆ ಒಳಗಿಂದ ಮುಚ್ಚುವುದು ನಮ್ಮಿಂದ ಆಗುವ ಕೆಲಸ ಅಲ್ಲ. ಹೊರಗಿನ ದಾರಿಗಳನ್ನು ಮುಚ್ಚಬೇಕು. ಪಟ್ಟಿಯ ಕೆಳಗೆ ಪಟ್ಟಿಗಿಂತ ಎಲ್ಲ ಕಡೆ 3 ಸೆಂ.ಮೀ. ದೊಡ್ಡ ಪ್ಯಾಚ್, ಜೋಡಣೆಯ ಹೊರ ಅಂಚಿನ ಮೇಲೆ 5 ಸೆಂ.ಮೀ. ಅಗಲದ ಪಿವಿಸಿ ಪಟ್ಟಿ, ನೊರೆ ಕಂಡ ಜಾಗದಿಂದ ಆಚೀಚೆ ಒಂದೊಂದು ಗೇಣು ಹೆಚ್ಚಿಗೆ. ಹಿಡಿಕೆಯ ಹತ್ತಿರ ಮಾತ್ರ ಮುಚ್ಚಿದರೆ ವಾರ ಬಿಟ್ಟು ಗಾಳಿ ಇನ್ನೊಂದು ಹಿಡಿಕೆಯಲ್ಲಿ ಬರುತ್ತದೆ.

ಫ್ಲೆಕ್ಸ್ ಬ್ಯಾನರಿನ ತುಂಡು ಪ್ಯಾಚಿಗೆ ಆಗುವುದಿಲ್ಲ, ನೋಡಲು ಒಂದೇ ಥರ ಕಂಡರೂ ಲೇಪ ತೀರ ತೆಳು. ಅದರ ನೂಲಲ್ಲೇ ಗಾಳಿ ಹೋಗುತ್ತದೆ.

ಕಾಳಿ ದಂಡೆ:

ನೋಡ್ರಿ, ಬಿಲ್ಲಿನ್ಯಾಗ ಪಿವಿಸಿ ಅಂತ ಬರದಾರ ಅಂತ ನಂಬಿ ಅಂಟು ತರಬ್ಯಾಡ್ರಿ. ಬಟ್ಟಿ ಯಾವುದು ಅಂತ ಮೊದಲ ಖಾತ್ರಿ ಮಾಡ್ಕೊಳ್ರಿ. ಕಿವಿ ಕಡ್ಡಿಗೆ ಅಸಿಟೋನ್ ಹಚ್ಚಿ, ಕಣ್ಣಿಗೆ ಬೀಳದ ಜಾಗಾದಾಗ ಹತ್ತು ಹದಿನೈದು ಸೆಕೆಂಡ್ ತಿಕ್ರಿ. ಮೈ ಮೆತ್ತಗಾಗಿ ಬೆರಳಿಗೆ ಅಂಟಿದ್ರ ಪಿವಿಸಿ. ಏನೂ ಆಗದ ಹಂಗ ಇದ್ರ ಹೈಪಲಾನ್, ಅಂದ್ರ ರಬ್ಬರ್ ಜಾತಿ. ವಾಲ್ವ್ ಬಿಚ್ಚಿ ಒಳಗ ಟಾರ್ಚ್ ಬಿಟ್ರೂ ತಿಳಿತದ: ಪಿವಿಸಿ ಒಳಗೂ ಹೊಳಿತದ, ಹೈಪಲಾನ್ ಒಳಮೈ ಮಂಕಾಗಿ ಕಪ್ಪು ರಬ್ಬರಿನಂಗ ಇರ್ತದ.

ಹೈಪಲಾನ್ ಅನ್ನೋದು ಡ್ಯುಪಾಂಟ್‌ನವರ ಹೆಸರು. ಅವರು ಅದನ್ನ ಮಾಡೂದು 2010ರಾಗ ನಿಲ್ಲಿಸ್ಯಾರ, ಈಗ ಅದೇ ರಬ್ಬರ್ ಬ್ಯಾರೆಯವರು ಬ್ಯಾರೆ ಹೆಸರಿನ್ಯಾಗ ಮಾಡ್ತಾರ, ಜನರ ಬಾಯಾಗ ಮಾತ್ರ ಹಳೇ ಹೆಸರ ಉಳದದ. ಗಣೇಶಗುಡಿ ಕಡೆ ನದಿಗೆ ಬಿಡೋಂಥ ರಾಫ್ಟ್ ಇದ್ರ ಎರಡೂ ಜಾತಿ ಇರಬಹುದು, ಹಿಂಗಾಗಿ ಪರೀಕ್ಷೆ ಬಿಡಬ್ಯಾಡ್ರಿ.

ಹೈಪಲಾನ್‌ಗೆ ನಿಯೋಪ್ರೀನ್ ಅಂಟು, ಪಿವಿಸಿಗೆ ಪಾಲಿಯುರೆಥೇನ್ ಅಂಟು. ಅದಲಿ ಬದಲಿ ಆದ್ರ ನಿಲ್ಲಂಗಿಲ್ಲ. ತಯಾರಿನೂ ಉಲ್ಟಾ: ಹೈಪಲಾನ್ ಹೊಳಪು ಪೂರ್ತಿ ಹೋಗೂತನಕ 60 ಅಥವಾ 80 ನಂಬರ್ ಉಪ್ಪುಕಾಗದಲೆ ತಿಕ್ಕಬೇಕು, ಆಮ್ಯಾಲೆ ಟಾಲ್ವೀನ್‌ಲೆ ಒರಸಬೇಕು. ಪಿವಿಸಿನ ಹಂಗ ತಿಕ್ಕಿದ್ರ ಲೇಪ ಹೋಗಿ ನೂಲ ಹೊರಗ ಬರ್ತದ. ಅದಕ್ಕ ಸಾಲ್ವೆಂಟ್‌ಲೆ ಒರಸೂದ ಮುಖ್ಯ, ತಿಕ್ಕೂದು ಅಲ್ಲ.

ಗೋಂದುಡಬ್ಬಿ:

ಸೈಕಲ್ ಸೊಲ್ಯೂಷನ್ ಎದ್ದು ಬಂದಿದ್ದಕ್ಕೆ ಕಾರಣ: ಅದು ರಬ್ಬರಿಗೆ ಮಾಡಿದ್ದು, ರಬ್ಬರಿನ ಜೊತೆ ಬೆಸೆಯುತ್ತೆ. ಪಿವಿಸಿ ರಬ್ಬರಲ್ಲ. ಗಟ್ಟಿ ಪಿವಿಸಿಯನ್ನ ಮೆತ್ತಗೆ ಇಡೋಕೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರ್ತಾರೆ, ಅದು ವರ್ಷಗಟ್ಟಲೆ ಮೇಲಕ್ಕೆ ಜಿನುಗ್ತಾ ಇರುತ್ತೆ. ಫೆವಿಕಾಲ್ ಎಸ್‌ಆರ್ 998 ಥರದ ರಬ್ಬರ್ ಅಂಟುಗಳು ಮೊದಲ ವಾರ ಚೆನ್ನಾಗಿ ಹಿಡಿಯುತ್ತವೆ, ಆ ಎಣ್ಣೆ ಕುಡಿದು ಬಿಸಿಲಿಗೆ ಜೇನಿನ ಹಾಗೆ ಕರಗಿ ಜಾರ್ತವೆ. ಫೆವಿಕ್ವಿಕ್, ಅರಾಲ್ಡೈಟ್, ಎಂ-ಸೀಲ್ ಗಟ್ಟಿಯಾಗಿ ಕೂರುತ್ತವೆ, ಬಟ್ಟೆ ಮಡಚಿದಾಗ ಬಿರುಕು ಬಿಡ್ತವೆ, ಬಿರುಕಿನ ಚೂಪು ಅಂಚು ಹೊಸ ತೂತು ಮಾಡುತ್ತೆ. ನೀರಿನ ಪೈಪಿಗೆ ಹಚ್ಚೋ ಸಾಲ್ವೆಂಟ್ ಸಿಮೆಂಟೂ ಅದೇ ಕಥೆ, ಒಣಗಿದ ಮೇಲೆ ಪೈಪಿನಷ್ಟೇ ಗಟ್ಟಿ.

ಬೇಕಾಗಿರೋದು ಎರಡು ಭಾಗದ ಪಾಲಿಯುರೆಥೇನ್ ಅಂಟು: ಡಬ್ಬಿಯಲ್ಲಿ ಅಂಟು, ಸಣ್ಣ ಬಾಟಲಿಯಲ್ಲಿ ಹಾರ್ಡ್‌ನರ್. ಬೋಟಿನದ್ದು ಅಂತ ಹುಡುಕೋಕೆ ಹೋದರೆ ಆಮದು ಬೆಲೆ. ಚಪ್ಪಲಿ, ಶೂ ಮಾಡೋರಿಗೆ ಕಚ್ಚಾಮಾಲು ಮಾರೋ ಅಂಗಡಿಯಲ್ಲಿ ಪಿಯು ಅಂಟು ಅಂತ ಕೇಳಿ. ಪಿವಿಸಿ ಅಟ್ಟೆ ಅಂಟಿಸೋಕೆ ಅವರು ಬಳಸೋದು ಅದೇ ಜಾತಿ. ಹಾರ್ಡ್‌ನರ್ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಬರೀ ಡಬ್ಬಿ ಕೊಟ್ಟು ಕಳಿಸ್ತಾರೆ. ಹಾರ್ಡ್‌ನರ್ ಇಲ್ಲದೆಯೂ ಅಂಟುತ್ತೆ, ಆದರೆ 50-60 ಡಿಗ್ರಿಗೆ ಮತ್ತೆ ಮೆತ್ತಗಾಗುತ್ತೆ. ಕಡಲ ತೀರದ ಬಿಸಿಲಲ್ಲಿ ಗಾಢ ಬಣ್ಣದ ಬಟ್ಟೆಗೆ ಅದೇನು ದೂರದ ಮಾತಲ್ಲ.

ಒರೆಸೋಕೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಅನ್ನೋ ಸಾಲ್ವೆಂಟ್), ಅದು ಸಿಗದಿದ್ದರೆ ಶುದ್ಧ ಅಸಿಟೋನ್. ಉಗುರುಬಣ್ಣ ತೆಗೆಯೋದರಲ್ಲಿ ಎಣ್ಣೆ ಇರುತ್ತೆ, ಪೆಟ್ರೋಲ್ ಜಿಡ್ಡು ಬಿಡುತ್ತೆ, ಬಣ್ಣದಂಗಡಿಯ ಥಿನ್ನರ್‌ನಲ್ಲಿ ಏನೇನಿದೆಯೋ ದೇವರೇ ಬಲ್ಲ. ಮೂರೂ ಬೇಡ.

ಪ್ರಮಾಣ: 100 ಗ್ರಾಂ ಅಂಟಿಗೆ ಸಾಮಾನ್ಯವಾಗಿ 4ರಿಂದ 5 ಗ್ರಾಂ ಹಾರ್ಡ್‌ನರ್, ಡಬ್ಬಿ ಮೇಲೆ ಬೇರೆ ಇದ್ದರೆ ಡಬ್ಬಿಯ ಮಾತೇ ಕೊನೆ. ನಿಮ್ಮ ಕೆಲಸಕ್ಕೆ 50 ಗ್ರಾಂ ಧಾರಾಳ, ಅದಕ್ಕೆ 2.5 ಗ್ರಾಂ, ಸಿರಿಂಜಲ್ಲಿ ಹೆಚ್ಚುಕಡಿಮೆ ಎರಡೂವರೆ ಎಂಎಲ್. ಗಾಜಿನ ಅಥವಾ ಸ್ಟೀಲ್ ಬಟ್ಟಲಲ್ಲಿ ಕಲಸಿ, ತೆಳು ಪ್ಲಾಸ್ಟಿಕ್ ಲೋಟ ಕರಗಿ ಕೈಗೆ ಬರುತ್ತೆ. ಒಂದೆರಡು ಗಂಟೆಯೊಳಗೆ ಮುಗಿಸಬೇಕು.

ಈಗ ಕೆಲಸ. ಟ್ಯೂಬಿನ ಗಾಳಿ ಪೂರ್ತಿ ತೆಗೆದು, ಕೆಳಗೆ ಹಲಗೆ ಇಟ್ಟು ಚಪ್ಪಟೆ ಹಾಸಿ. ಸಿಹಿನೀರಲ್ಲಿ ತೊಳೆದು ಒಂದು ದಿನ ಒಣಗಿಸಿರಬೇಕು, ಉಪ್ಪು ಇದ್ದಲ್ಲಿ ತೇವ ಇರುತ್ತೆ. ಪ್ಯಾಚಿನ ಮೂಲೆಗಳನ್ನ ದುಂಡಗೆ ಕತ್ತರಿಸಿ, ಚೂಪು ಮೂಲೆ ಮೊದಲು ಏಳುತ್ತೆ. ಸೂಜಿ ತೂತಿಗೆ 8 ಸೆಂ.ಮೀ. ಅಡ್ಡಳತೆ ಸಾಕು, ಈ ದಪ್ಪ ಬಟ್ಟೆ ಸೀಳಿದ್ದರೆ ಎಲ್ಲ ಕಡೆ 5 ಸೆಂ.ಮೀ. ಹೆಚ್ಚಿರಲಿ. ಪ್ಯಾಚ್ ಇಟ್ಟು ಪೆನ್ಸಿಲ್ ಗೆರೆ ಎಳೆದು ಗೆರೆಯ ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಿಳೀ ಹತ್ತಿ ಬಟ್ಟೆಗೆ ಎಂಇಕೆ ಹಾಕಿ ಎರಡೂ ಮೈ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಭಾಗ. ಹೊಳಪು ಹೋಗಿ ಸ್ವಲ್ಪ ಜಿಗುಟು ಬಂದರೆ ಸಾಕು. ಪ್ಯಾಚಿನ ಬೆನ್ನೂ ಅಷ್ಟೇ ಮುಖ್ಯ. ಲಾರಿ ಟಾರ್ಪಾಲಿನ ತುಂಡಾದರೆ ಮೇಲೆ ಹೊಳಪಿನ ಲ್ಯಾಕರ್ ಲೇಪ ಇರುತ್ತೆ, ಅದು ಹೋಗೋ ತನಕ ಒರೆಸಿ.

ಎರಡೂ ಮೈಗೆ ತೆಳುವಾಗಿ ಒಂದು ಸಲ ಹಚ್ಚಿ, ಅರ್ಧ ಗಂಟೆ ಬಿಡಿ. ಎರಡನೇ ಸಲ ಹಚ್ಚಿ 5-10 ನಿಮಿಷ. ಬೆರಳ ಗೆಣ್ಣು ಮುಟ್ಟಿಸಿದರೆ ಅಂಟಿದ ಹಾಗಾಗಿ ಬಿಡಬೇಕು, ಗೆಣ್ಣಿಗೆ ಅಂಟು ಮೆತ್ತಬಾರದು. ಆಗ ಪ್ಯಾಚನ್ನ ಒಂದು ಅಂಚಿಂದ ಮಲಗಿಸ್ತಾ ಬಂದು, ನಡುವಿಂದ ಹೊರಕ್ಕೆ ಸಣ್ಣ ರೋಲರಲ್ಲಿ ಒತ್ತಿ. ರೋಲರ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು. ಬಲ ಹಾಕಿ ಒತ್ತೋದು ಮುಖ್ಯ, ಮೇಲೆ ಕಲ್ಲು ಹೇರಿ ರಾತ್ರಿಯಿಡೀ ಬಿಡೋದು ಅದಕ್ಕೆ ಸಮ ಅಲ್ಲ.

ಕರಾವಳಿಯವರಿಗೆ ಮುಖ್ಯ ಮಾತು ತೇವಾಂಶದ್ದು. ಸಾಲ್ವೆಂಟ್ ಆರುವಾಗ ಆ ಜಾಗ ತಣ್ಣಗಾಗುತ್ತೆ, ಗಾಳಿಯ ನೀರು ಅಂಟಿನ ಮೇಲೆ ಕೂರುತ್ತೆ. ಹಾರ್ಡ್‌ನರ್ ನೀರಿನ ಜೊತೆಯೂ ಪ್ರತಿಕ್ರಿಯೆ ಮಾಡೋದರಿಂದ ಅರ್ಧ ಶಕ್ತಿ ಅಲ್ಲೇ ಹೋಗುತ್ತೆ. ಅಂಟಿನ ಮೇಲೆ ಮಂಜಿನಂಥ ಬಿಳುಪು ಕಂಡರೆ ಅದೇ. ತೇವಾಂಶ ಶೇ. 60 ದಾಟಿದರೆ ಕಷ್ಟ, 70 ದಾಟಿದರೆ ಬೇಡವೇ ಬೇಡ. ನಿಮ್ಮಲ್ಲಿ ಬೆಳಗಿನ ಹೊತ್ತು 80 ಮುಟ್ಟೋದು ಮಾಮೂಲು. ಒಣಹವೆ ದಿನ ನೋಡಿ ಮಧ್ಯಾಹ್ನ 12ರಿಂದ 3ರೊಳಗೆ, ನೆರಳಲ್ಲಿ, ಕಡಲಗಾಳಿ ನೇರ ಬೀಸದ ಕಡೆ ಮಾಡಿ. ಇನ್ನೊಂದು ದಾರಿ: ಎರಡನೇ ಪದರವನ್ನೂ ಪೂರ್ತಿ ಒಣಗೋಕೆ ಬಿಟ್ಟು, ಹೀಟ್ ಗನ್ನಲ್ಲಿ ಎರಡೂ ಮೈ 60-70 ಡಿಗ್ರಿಗೆ ಬಿಸಿ ಮಾಡಿ ತಕ್ಷಣ ಒತ್ತೋದು. ಮೇಲೆ ಕೂತ ತೇವ ಆರಿ ಹೋಗುತ್ತೆ. ಮೊದಲು ಸಾಲ್ವೆಂಟ್ ಪೂರ್ತಿ ಆರಿರಲೇಬೇಕು, ಹಸಿ ಅಂಟಿಗೆ ಹೀಟ್ ಗನ್ ಹಿಡಿದರೆ ಬೆಂಕಿ.

24 ಗಂಟೆ ಮುಟ್ಟಬೇಡಿ. ಆಮೇಲೆ ಆಕಾರ ಬರೋಷ್ಟು ಗಾಳಿ, 72 ಗಂಟೆ ಆದ ಮೇಲೆ ಪೂರ್ತಿ ಒತ್ತಡ. ಹಾರ್ಡ್‌ನರ್‌ನಲ್ಲಿ ಇರೋದು ಐಸೊಸಯನೇಟ್, ಉಸಿರಿಗೆ ಒಳ್ಳೇದಲ್ಲ. ಶೆಡ್ಡಿನ ಬಾಗಿಲು ತೆರೆದಿಟ್ಟು, ಕೈಗವಸು ಹಾಕಿ ಮಾಡಿ, ಬೀಡಿ ಸಿಗರೇಟು ದೂರ.

ಕೆರೆಮಗ್ಗುಲು:

ಅಮೆರಿಕದ ಕೆರೆಗಳಲ್ಲಿ ಎಳೆಯೋ ಟ್ಯೂಬುಗಳು ಹೆಚ್ಚಿನವು ನಿಮ್ಮ ರಿಂಗ್ ಥರದ್ದೇ, ಹಾಗಾಗಿ ಅದರ ಬಗ್ಗೆ ಮಾತ್ರ.

ಈ ಒಳಚೀಲಕ್ಕೆ ನೂಲಿನ ಬಲೆ ಇಲ್ಲ, ಬರೀ ಪಿವಿಸಿ ಹಾಳೆ. ಭಾರ ಹೊರೋದು ನೈಲಾನ್ ಕವಚ, ಚೀಲದ ಕೆಲಸ ಗಾಳಿ ಹಿಡಿಯೋದಷ್ಟೇ. ಅದಕ್ಕೇ ಚೀಲವನ್ನ ಹೊರಗೆ ತೆಗೆದು ಪೂರ್ತಿ ಊದಿ ಪರೀಕ್ಷಿಸಬೇಡಿ, ಹಿಗ್ಗಿ ಜೋಡಣೆ ಬಿಡುತ್ತೆ. ಸುಕ್ಕು ಹೋಗೋಷ್ಟು ಮಾತ್ರ.

ಇಲ್ಲಿ ಇದಕ್ಕೆ ಎಚ್‌ಎಚ್-66 ಅನ್ನೋ ವಿನೈಲ್ ಸಿಮೆಂಟ್ ಬಳಸ್ತಾರೆ. ಪಿವಿಸಿಯ ಮೈಯನ್ನೇ ಕೊಂಚ ಕರಗಿಸಿ ಬೆಸೆಯೋ ಜಾತಿ, ಒಣಗಿದ ಮೇಲೂ ಬಾಗುತ್ತೆ. ನಿಮಗೆ ಸಿಗದಿದ್ದರೆ ಮೇಲೆ ಹೇಳಿದ ಪಿಯು ಅಂಟೇ ಆಗುತ್ತೆ, ತೀರಾ ತೆಳುವಾಗಿ ಹಚ್ಚಿ. ತೆಳು ಹಾಳೆಗೆ ಸಾಲ್ವೆಂಟ್ ಜಾಸ್ತಿ ಆದರೆ ಅಲೆ ಅಲೆಯಾಗಿ ಸುರುಟಿಕೊಳ್ಳುತ್ತೆ, ಮತ್ತೆ ಸರಿಯಾಗಲ್ಲ. ಪ್ಯಾಚ್ ಅದೇ ದಪ್ಪದ ಹಾಳೆಯದ್ದೇ ಇರಲಿ, ಹಳೇ ಗಾಳಿಹಾಸಿಗೆ ಅಥವಾ ಈಜುಕೊಳದ ಆಟಿಕೆಯಿಂದ ಕತ್ತರಿಸಿದ್ದು ಸಾಕು. 0.9 ಮಿ.ಮೀ. ಟಾರ್ಪಾಲ್ ತುಂಡು ಅಂಟಿಸಿದರೆ ಅದರ ಗಟ್ಟಿ ಅಂಚಿನ ಪಕ್ಕದಲ್ಲೇ ಚೀಲ ಮಡಚಿ ಮಡಚಿ ಹರಿಯುತ್ತೆ.

ಸೀಳಿನ ಎರಡೂ ತುದಿಯನ್ನ 3 ಮಿ.ಮೀ. ದುಂಡು ತೂತಾಗಿ ಪಂಚ್ ಮಾಡಿ. ಚೂಪು ತುದಿ ಬಿಟ್ಟರೆ ಪ್ಯಾಚಿನ ಕೆಳಗೇ ಸೀಳು ಓಡುತ್ತೆ. 4 ಸೆಂ.ಮೀ. ಸೀಳಿಗೆ 10ಕ್ಕೆ 6 ಸೆಂ.ಮೀ. ಅಂಡಾಕಾರದ ಪ್ಯಾಚ್. ಜೋಡಣೆಯ ಪಕ್ಕದಲ್ಲೇ ಇರೋದರಿಂದ ಪ್ಯಾಚ್ ಆ ಏಣನ್ನ ಹತ್ತಿ ಇಳಿಯಬೇಕಾಗುತ್ತೆ. ಏಣಿನ ಬುಡದಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯುತ್ತೆ, ಗಾಳಿ ಅಲ್ಲೇ ಹೊರಡುತ್ತೆ. ಪ್ಯಾಚ್ ಇಡೋ ಮೊದಲು ಆ ಬುಡಕ್ಕೆ ಅಂಟಿನ ಸಣ್ಣ ಗೆರೆ ಎಳೆದು ಒಣಗಿಸಿ, ಒತ್ತುವಾಗ ರೋಲರ್ ಬದಲು ಚಮಚದ ಹಿಡಿಯ ದುಂಡು ತುದಿ ಬಳಸಿ.

ಸೀಳಿದ್ದು ಯಾಕೆ ಅಂತಲೂ ನೋಡಿ. ಕವಚವನ್ನ ತಿರುವಿ ಹಾಕಿ ಕೊಡವಿದರೆ ಮರಳು ಉದುರುತ್ತೆ. ಆ ಮರಳೇ ಪ್ರತಿ ಅಲೆಗೂ ಚೀಲವನ್ನ ತೇಯೋದು. ಮತ್ತೆ ಸೇರಿಸುವಾಗ ಚೀಲದ ವಾಲ್ವ್ ಕವಚದ ಕಿಂಡಿಗೆ ಸರಿಯಾಗಿ ಕೂತಿರಬೇಕು. ಅರ್ಧ ಊದಿ, ಕೈಹಾಕಿ ಮಡಿಕೆ ಬಿಡಿಸಿ, ಆಮೇಲೆ ಪೂರ್ತಿ ಊದಿ. ಒಂದು ಕಡೆ ಮಡಿಕೆ ಸಿಕ್ಕಿದ್ದರೆ ಇನ್ನೊಂದು ಕಡೆ ಹಾಳೆ ಎಳೆದು ಬಿಗಿದಿರುತ್ತೆ.

ಪಡುಕರೆ:

ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆಯ ಫಲ: ಬೆಳಗ್ಗೆ 7ರಿಂದ 7ಕ್ಕೆ ನಡು ಟ್ಯೂಬು 2.0 ಇದ್ದದ್ದು 1.9. ಬಲಗಡೆಯದ್ದೂ ಅಷ್ಟೇ. ಎಡಗಡೆಯದ್ದು ಸಂಜೆ 4ಕ್ಕೇ 0.3. ಅಸಿಟೋನಿಗೆ ಬಟ್ಟೆ ಜಿಗುಟಾಯ್ತು, ಪಿವಿಸಿ ಖಾತ್ರಿ. ಹಿಡಿಕೆಯಿಂದ ಒಂದು ಗೇಣು ದೂರದ ಜೋಡಣೆ ಅಂಚಲ್ಲಿ 6-7 ಸೆಂ.ಮೀ. ಉದ್ದ ಬಿಳೀ ನೊರೆ ಬಂತು, ಪುತ್ತೂರಿನವರು ಹೇಳಿದ್ದೇ ಸರಿ.

ಎರಡು ಪ್ರಶ್ನೆ ಉಳಿದಿವೆ. ಈ ಜೋಡಣೆಗೆ ಬಿಸಿಗಾಳಿ ಹಾಕಿಸಬಹುದಾ? ಮೂತಿಯ ಹತ್ತಿರ ಹಗ್ಗ ಕಟ್ಟೋ ಬಳೆಯ ಪಟ್ಟಿಯೂ ಒಂದು ಮೂಲೆಯಲ್ಲಿ 2 ಸೆಂ.ಮೀ. ಎದ್ದಿದೆ, ಅದನ್ನೂ ಇದೇ ಅಂಟಲ್ಲಿ ಮುಗಿಸಬಹುದಾ?

ಟಾರ್ಪಾಲ್ ಪುತ್ತೂರು:

0.1 ಇಳಿದದ್ದು ಎರಡು ಡಿಗ್ರಿ ತಾಪಮಾನದ ಲೆಕ್ಕ, ಆ ಎರಡು ಟ್ಯೂಬು ಬಿಟ್ಟುಬಿಡಿ.

ಬಿಸಿಗಾಳಿ ಒಳ್ಳೆಯದೇ, ಅಂಟಿಗಿಂತ ಹೆಚ್ಚು ಬಾಳುತ್ತದೆ. ಆದರೆ ಕೆಳಗಿನ ಜೋಡಣೆ ಅಂಟಿನದ್ದಾಗಿದ್ದರೆ ಹಾಕಿಸಬೇಡಿ. ಹಳೇ ಅಂಟಿನ ಮೇಲೆ ಬೆಸುಗೆ ಕೂರುವುದಿಲ್ಲ, ಬಿಸಿಗೆ ಒಳಗಿನ ಅಂಟು ಗುಳ್ಳೆ ಕಟ್ಟಿ ಚೆನ್ನಾಗಿದ್ದ ಭಾಗವೂ ಬಿಡುತ್ತದೆ. ಅಂಚಿನಲ್ಲಿ ಒಣಗಿದ ಹಳದಿ ಅಥವಾ ಕಂದು ಗೆರೆ ಕಂಡರೆ ಅಂಟು. ಎರಡೂ ಬಟ್ಟೆ ಒಂದಾಗಿ ಒತ್ತಿದ ಅಚ್ಚು, ಅಂಚಿನಲ್ಲಿ ಕರಗಿ ಉಬ್ಬಿದ ಪಿವಿಸಿ ಕಂಡರೆ ಬೆಸುಗೆ.

ಬೆಸುಗೆಯಾದರೆ ಟಾರ್ಪಾಲ್ ಕೆಲಸದವರ ಹತ್ತಿರ ಕೈಯಲ್ಲಿ ಹಿಡಿಯುವ ಯಂತ್ರ ಇರುತ್ತದೆ. ನೇರ ನಿಮ್ಮ ಬೋಟಿನ ಮೇಲೆ ಶುರು ಮಾಡಲು ಬಿಡಬೇಡಿ. ಅದೇ ಬಟ್ಟೆಯ ಎರಡು ತುಂಡು, 5 ಸೆಂ.ಮೀ. ಅಗಲ, ಬೆಸೆದು ಪೂರ್ತಿ ತಣಿದ ಮೇಲೆ ಎಳೆದು ನೋಡಲಿ. ಲೇಪ ಕಿತ್ತು ನೂಲು ಕಂಡರೆ ಬಿಸಿ ಸರಿ. ಎರಡೂ ಮೈ ನಯವಾಗಿ ಬೇರೆಯಾದರೆ ಬಿಸಿ ಸಾಲದು. ಕಂದು ಬಣ್ಣ, ಮೂಗು ಸುಡುವ ಹೊಗೆ ಬಂದರೆ ಹೆಚ್ಚಾಯಿತು. ಆ ಹೊಗೆಯಲ್ಲಿ ಆಮ್ಲ ಇರುತ್ತದೆ, ಮುಖ ಹಿಂದಿಡಿ. ಹಿಡಿಕೆಯ ಕೆಳಗಿನ ಪ್ಯಾಚಿಗೆ ಮಾತ್ರ ಅಂಟೇ ಇರಲಿ, ಅಲ್ಲಿ ಈಗಾಗಲೇ ಹಳೇ ಅಂಟಿದೆ.

ಹಗ್ಗದ ಬಳೆಯ ವಿಷಯ ಬೇರೆ. ಹಿಡಿಕೆ ಬಿಟ್ಟರೆ ಒಬ್ಬ ನೀರಿಗೆ ಬೀಳುತ್ತಾನೆ. ಎಳೆಯುವ ಬಳೆ ಕಿತ್ತರೆ ಆರು ಜನರ ಭಾರ ಹೊತ್ತು ಬಿಗಿದ ಹಗ್ಗ ಕಬ್ಬಿಣದ ಬಳೆ ಸಮೇತ ಮುಂದಿನ ಬೋಟಿನವನ ಕಡೆ ಹಾರುತ್ತದೆ. ಎದ್ದ ಮೂಲೆಗೆ ಮಾತ್ರ ಅಂಟು ತುರುಕಿ ಮುಚ್ಚಿದರೆ ಉಳಿದ ಭಾಗ ಎಷ್ಟು ಹಿಡಿದಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೋಟ್ ಮಾಡಿದವರಿಂದ ಅಥವಾ ಬೆಸುಗೆ ಯಂತ್ರ ಇರುವ ಕಾರ್ಖಾನೆಯಿಂದ ಹೊಸ ಪಟ್ಟಿ ಪೂರ್ತಿ ಕೂರಿಸಿ. ಅಲ್ಲಿವರೆಗೆ ಜನ ಹತ್ತಿಸಬೇಡಿ. ಗಾಳಿ ಕಡಿಮೆ ಇದ್ದ ಬೋಟು ನೀರಲ್ಲಿ ಹೂತು ಎಳೆತ ಹೆಚ್ಚಾಗುತ್ತದೆ, ನಿಮ್ಮ ಎಡ ಟ್ಯೂಬು ಸೋರುತ್ತಿದ್ದುದೇ ಈ ಮೂಲೆ ಏಳಲೂ ಕಾರಣ ಇರಬಹುದು.

ಗೋಂದುಡಬ್ಬಿ:

ಒಂದು ಬಿಟ್ಟಿದ್ದೆ. ಪ್ಯಾಚ್ ಎದ್ದು ಬಂದರೆ ಕೋಪದಲ್ಲಿ ಎಸೆಯಬೇಡಿ, ಬೆನ್ನು ನೋಡಿ. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಮೈ ನುಣ್ಣಗಿದ್ದರೆ ಆ ನುಣ್ಣಗಿನ ಮೈ ಸರಿಯಾಗಿ ಒರೆಸಿಲ್ಲ. ಎರಡೂ ಕಡೆ ಅಂಟಿದ್ದು ಎಳೆದಾಗ ಎಳೆ ಎಳೆಯಾಗಿ ಬಂದರೆ ಹಾರ್ಡ್‌ನರ್ ಕಡಿಮೆ ಅಥವಾ ಹಳೇದು. ಎರಡೂ ಕಡೆ ಒಣ, ಬಿಳಿ ಪುಡಿಯ ಹಾಗಿದ್ದರೆ ತೇವಾಂಶ, ಇಲ್ಲಾ ಒತ್ತೋದು ತಡ ಆಯ್ತು. ಕಾರಣ ಗೊತ್ತಾಗದೆ ಮತ್ತೆ ಅದೇ ಅಂಟು ಹಚ್ಚಿದರೆ ಫಲವೂ ಅದೇ.

ಪಡುಕರೆ:

ಜೋಡಣೆ ಅಂಚಲ್ಲಿ ಹಳದಿ ಗೆರೆ ಇದೆ, ಅಂದರೆ ಅಂಟಿನದ್ದು. ಹಾಗಾದರೆ ಪಿಯು ಅಂಟು, 5 ಸೆಂ.ಮೀ. ಪಟ್ಟಿ. ಬಳೆಯ ಪಟ್ಟಿ ಕಾರ್ಖಾನೆಗೇ ಕಳಿಸ್ತೀನಿ. ಉಳಿದ ಹಾರ್ಡ್‌ನರ್ ಮುಂದಿನ ಸೀಸನ್‌ಗೆ ಇಡಬಹುದಾ? ಮಳೆಗಾಲದಲ್ಲಿ ಬೋಟನ್ನ ಹೇಗಿಡೋದು?

ಗೋಂದುಡಬ್ಬಿ:

ತೆರೆದ ಹಾರ್ಡ್‌ನರ್ ಕರಾವಳಿಯಲ್ಲಿ ಮಳೆಗಾಲ ದಾಟಲ್ಲ. ತಿಳಿಯಾಗಿದ್ದದ್ದು ಕದಡಿ ಮೊಸರಿನಂತಾದರೆ ಅಥವಾ ತಳದಲ್ಲಿ ಗಟ್ಟಿ ಕಂಡರೆ ಚೆಲ್ಲಿ. ಮುಂದಿನ ಸಲಕ್ಕೆ ಸಣ್ಣ ಬಾಟಲಿ ಹೊಸದೇ ತನ್ನಿ, ಬಾಕಿ ಅಂಟು ಮುಚ್ಚಳ ಬಿಗಿ ಇದ್ದರೆ ಉಳಿಯುತ್ತೆ.

ಕಾಳಿ ದಂಡೆ:

ಬೋಟಿಗೆ: ಸಿಹಿನೀರಲೆ ತೊಳದು, ಎರಡು ದಿನ ನೆರಳಿನ್ಯಾಗ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಸಡಿಲಾಗಿ ಸುತ್ರಿ. ಬಿಗಿ ಮಡಚಿದ್ರ ಮಡಿಕಿ ಗೆರೆ ಮ್ಯಾಲೇ ಲೇಪ ಬಿರಿತದ. ಹೊಳಪಿಗೆ ಅಂತ ಸಿಲಿಕೋನ್ ಸ್ಪ್ರೇ ಹೊಡಿಬ್ಯಾಡ್ರಿ, ಮುಂದ ಅದರ ಮ್ಯಾಲೆ ಯಾವ ಅಂಟೂ ಕೂಡಂಗಿಲ್ಲ. ನೆಲಕ್ಕ ಇಡದ ತೊಲಿಗೆ ಅಗಲ ಪಟ್ಟಿಲೆ ತೂಗ ಹಾಕ್ರಿ. ಇಲಿ ಸುತ್ತಿದ ಬೋಟಿನ ನಡುವ ಗೂಡು ಕಟ್ಟಿದ್ರ ಒಂದ ಕಡಿತಕ್ಕ ಎಂಟು ಪದರ ತೂತು.